ತೋಳುಗಳ ನಡುವಿನ ಕಪ್ಪು

ವಡೋದರದ ನಮ್ಮ ಉಡುಪಿ ಹೋಟೆಲಿಗೆ ದಿನವೂ ಇಡ್ಲಿ ತಿನ್ನಲು ಬರುತ್ತಿದ್ದವನು ಘಾನಾ ದೇಶದ ಚಿತ್ರಕಾರ. ಎರಡು ಸಾವಿರದ ಇಸವಿ ದಾಟಿದ ಹೊಸತು. ಚಿತ್ರಕಲೆ ಓದಲು ಬಂದವನು ನಮ್ಮ ಮನೆಯ ಕೆಳಗಿನ ಕೋಣೆಯನ್ನೇ ಬಾಡಿಗೆಗೆ ಹಿಡಿದಿದ್ದ.

ಆ ಕೋಣೆಗೆ ಮೊದಲ ಸಲ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತೆ. ಗೋಡೆ ತುಂಬ ಆಳೆತ್ತರದ ಜನ. ಹಿಂದೆ ಮರವಿಲ್ಲ, ಮನೆಯಿಲ್ಲ, ಬರೀ ಕಪ್ಪು. ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ಅವನು ಮೊದಲು ಕ್ಯಾನ್ವಾಸಿಗೆ ಪೂರ್ತಿ ಕಪ್ಪು ಬಳಿದುಬಿಡುತ್ತಿದ್ದ. ಆಮೇಲೆ ಕಂದು, ನೀಲಿ, ಕೆಂಪು ಬಣ್ಣಗಳನ್ನು ತೆಳ್ಳಗೆ ಒಂದರ ಮೇಲೊಂದು ಹಚ್ಚಿ, ಆ ಕತ್ತಲೊಳಗಿಂದ ಒಂದು ಕೆನ್ನೆ, ಒಂದು ಬೆರಳು ಎಂದು ಮೆಲ್ಲಗೆ ಹೊರಗೆ ತರುತ್ತಿದ್ದ.

"ದೀದಿ, ಹತ್ತು ನಿಮಿಷ ಕೂತ್ಕೊಳ್ಳಿ" ಎಂದ ಒಂದು ಮಧ್ಯಾಹ್ನ, ಹರಕು ಹಿಂದಿಯಲ್ಲಿ. ಹತ್ತೇ ನಿಮಿಷ. ಮತ್ತೆ ಕಳಿಸಿಬಿಟ್ಟು ಖಾಲಿ ಕುರ್ಚಿಯನ್ನು ನೋಡಿಕೊಂಡೇ ಬರೆಯುವುದು ಅವನ ಕ್ರಮ. ಖಾಲಿ ಕುರ್ಚಿಗೆ ಮುಖ ಇರುತ್ತದೇನಪ್ಪಾ ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. "ಎದ್ದು ಹೋದ್ಮೇಲೂ ಮನುಷ್ಯ ಸ್ವಲ್ಪ ಹೊತ್ತು ಅಲ್ಲೇ ಕೂತಿರ್ತಾನೆ" ಎಂದ.

ಅದಕ್ಕೆ ಎರಡು ವರ್ಷ ಮೊದಲು, ನಾವು ಅಹಮದಾಬಾದಿನ ಮಣಿನಗರದಲ್ಲಿದ್ದಾಗ, ನನ್ನ ಚೊಚ್ಚಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿತ್ತು. ಆಪರೇಷನ್ ಮುಗಿದು ನನಗೆ ಎಚ್ಚರವಾಗುವಷ್ಟರಲ್ಲಿ ಗಂಡ ಅದನ್ನು ಮಣ್ಣು ಮಾಡಿ ಬಂದಿದ್ದರು. ನಾನು ನೋಡಲೇ ಇಲ್ಲ. ಹೇಗಿತ್ತು ಎಂದು ಕೇಳಿದರೆ, "ಬಿಡು ಮಾರಾಯ್ತಿ" ಎಂದು ಎದ್ದು ಹೋಗುತ್ತಿದ್ದರು. ಊರು ಬಿಟ್ಟು ಬಂದರೂ ಅವರ ಮೇಲಿನ ಸಿಟ್ಟು ನನ್ನನ್ನು ಬಿಟ್ಟಿರಲಿಲ್ಲ.

ಚಿತ್ರ ಮುಗಿದ ದಿನ ನಾನೂ ಗಂಡನೂ ಇಳಿದು ಹೋದೆವು. ಕುರ್ಚಿಯಲ್ಲಿ ನಾನೇ, ಆ ಮಧ್ಯಾಹ್ನ ಉಟ್ಟಿದ್ದ ಸೂರತ್ತಿನ ಹಸಿರು ಪಾಲಿಯೆಸ್ಟರ್ ಸೀರೆ. ಒಂದೊಂದು ನೆರಿಗೆಯನ್ನೂ ಬಿಡದೆ ಬರೆದಿದ್ದ. ಆದರೆ ತೋಳುಗಳೆರಡೂ ಎದೆಯ ಮುಂದೆ ಬಾಗಿ, ಅಂಗೈ ಮೇಲಾಗಿ, ಏನನ್ನೋ ಹೊತ್ತಂತಿದ್ದವು. ಅವುಗಳ ನಡುವೆ ಸೀರೆಯೂ ಇರಲಿಲ್ಲ. ಬರೀ ಕಪ್ಪು.

"ನಾನು ಹೀಗೆ ಕೂತಿರ್ಲಿಲ್ಲ" ಎಂದೆ.

"ಕೂತಿದ್ರಿ ದೀದಿ, ಹತ್ತು ನಿಮಿಷವೂ. ನಾನೇನೂ ಸೇರಿಸಿಲ್ಲ. ಆ ಜಾಗಕ್ಕೆ ಬ್ರಷ್ಷೇ ತಾಗಿಸಿಲ್ಲ."

ಇವರು ಚಿತ್ರದ ಹತ್ತಿರ ಹೋಗಿ, ಆ ಕಪ್ಪಿನ ಮೇಲೆ ತಮ್ಮ ಬಲಗೈಯನ್ನು ಅಡ್ಡವಾಗಿ ಇಟ್ಟರು. ಮೊಣಕೈಯಿಂದ ಅಂಗೈವರೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂತಿತು. ನಾನು ಕಾಣದ ಆ ಅಳತೆಯನ್ನು ನನ್ನ ತೋಳುಗಳಿಗೆ ಯಾರು ಹೇಳಿದ್ದರೋ, ಇವತ್ತಿಗೂ ತಿಳಿಯದು.

"ಇಷ್ಟೇ ಇತ್ತು ಮಾರಾಯ್ತಿ" ಎಂದರು, ನನ್ನ ಕಡೆ ತಿರುಗದೆ. "ಒಂದೇ ಕೈಯಲ್ಲಿ ಹಿಡ್ಕೊಂಡು ಹೋದೆ. ತಲೆ ತುಂಬ ಕೂದಲಿತ್ತು."

ನಾನು ಪಕ್ಕಕ್ಕೆ ಹೋಗಿ ನಿಂತೆ. "ಇನ್ನೂ ಹೇಳಿ" ಎಂದೆ.