ಬದನೆಕಾಯಿ ಜಗಳದ ಫೋಟೋ

ಕಳೆದ ತಿಂಗಳು ಮನೆ ಬದಲಾಯಿಸುವಾಗ ಸಾಂಬಾರ ಸಾಮಾನುಗಳ ಹಿಂದೆ ಒಂದು ಪುಟ್ಟ ಕಪ್ಪು ಡಬ್ಬಿ ಸಿಕ್ಕಿತು. ಹಿಂದೆ ಕ್ಯಾಮೆರಾದ ಫಿಲ್ಮ್ ರೋಲ್ ಬರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದೆ, ಇಂಗಿನ ವಾಸನೆ. ಇಂಗು ಖಾಲಿಯಾಗಿ ಯಾವ ಕಾಲವಾಯಿತೋ, ವಾಸನೆ ಮಾತ್ರ ಜಾಗ ಬಿಟ್ಟಿರಲಿಲ್ಲ. ಕೆಳಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ವಿಶಾಖಪಟ್ಟಣದ ಕೆಳಗಿನ ಮನೆ ಅಕ್ಕ ನೆನಪಾದರು...

ಎಂಬತ್ತರ ದಶಕದ ಕೊನೆಯ ಮಾತು. ಅಪ್ಪ ಬ್ಯಾಂಕಿನವರು, ತುಮಕೂರು ಕಡೆಯವರು. ವಿಜಯವಾಡದ ಪಟಮಟದಲ್ಲಿ ಬಹಳ ವರ್ಷ ಇದ್ದು, ವರ್ಗವಾಗಿ ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದಿದ್ದೆವು. ನನ್ನ ಬಿ.ಎಸ್ಸಿ. ಮುಗಿದಿತ್ತು. ಮುಂದೇನು ಎಂದು ಕೇಳಿದರೆ ಮನೆಯವರ ಬಳಿ ಇದ್ದದ್ದು ಒಂದೇ ಉತ್ತರ, ಮದುವೆ. ನನಗೋ ಕೂತರೆ ನಿಲ್ಲಬೇಕು, ನಿಂತರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುವ ಕಾಲ. ಮಹಡಿಯ ಮೇಲೆ ಶತಪಥ ಹಾಕುತ್ತಿದ್ದೆ.

ಅಕ್ಕನಿಗೂ ಅದೇ ರೋಗ. ಅವರು ಗದಗದ ಕಡೆಯವರು. ಗಂಡ ನೌಕಾಪಡೆಯಲ್ಲಿದ್ದರು, ಹಡಗು ಹತ್ತಿದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಒಬ್ಬಳೇ ಮಗಳು ಶಾಲೆಗೆ ಹೋದಮೇಲೆ ಮನೆ ಭಣಭಣ. ಗಂಡ ಯಾವುದೋ ವಿದೇಶದ ಬಂದರಿನಿಂದ ತಂದುಕೊಟ್ಟ ಕ್ಯಾಮೆರಾ ಒಂದಿತ್ತು. ಬೇರೆಯವರಾಗಿದ್ದರೆ ಅದರಲ್ಲಿ ಮಗಳ ಹುಟ್ಟುಹಬ್ಬ ತೆಗೆದು ಬೀರುವಿನಲ್ಲಿಡುತ್ತಿದ್ದರು. ಇವರು ಅದನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೊರಟರು. ಮೀನು ಮಾರುವವರು, ಹುಣಸೆಹಣ್ಣಿನ ಗುಡ್ಡೆಯ ಹಿಂದೆ ತೂಕಡಿಸುವವರು, ರಿಕ್ಷಾದ ಮೇಲೆ ಕಾಲು ಚಾಚಿ ಮಲಗಿದವರು, ಇವರೇ ಬೇಕು ಅವರಿಗೆ. ಖಾಲಿಯಾದ ಫಿಲ್ಮ್ ಡಬ್ಬಿಗಳನ್ನು ಇಂಗಿಗೆ, ಕುಂಕುಮಕ್ಕೆ ಎಂದು ಬೀದಿಯ ಹೆಂಗಸರಿಗೆಲ್ಲ ಹಂಚುತ್ತಿದ್ದರು.

ಆದರೆ ಅವರ ತೆಲುಗು ಅಷ್ಟಕ್ಕಷ್ಟೆ. ಮೊದಮೊದಲು ಒಬ್ಬರೇ ಹೋದಾಗ ಒಂದು ಎಡವಟ್ಟಾಯಿತಂತೆ. ಬೆಳಗ್ಗೆ ಬುಟ್ಟಿ ಇಳಿಸುತ್ತಿದ್ದ ಮೀನಿನಾಕೆಯ ಮುಂದೆ ನಿಂತು ಕ್ಲಿಕ್ ಮಾಡಿದ್ದಾರೆ. ಆಕೆಗೆ ಇನ್ನೂ ಬೋಣಿಯೇ ಆಗಿರಲಿಲ್ಲ. ಮೊದಲ ಗಿರಾಕಿಯ ಕೈಯಿಂದ ವ್ಯಾಪಾರ ಶುರುವಾಗುವ ಮುಂಚೆ ಫೋಟೋ ತೆಗೆದರೆ ಆ ದಿನ ನೊಣ ಹೊಡೆಯುತ್ತಾ ಕೂರಬೇಕು ಎಂದು ಅಲ್ಲಿಯವರ ನಂಬಿಕೆ. ಆಕೆ ಮೀನು ತೊಳೆದ ನೀರನ್ನು ಅಕ್ಕನ ಸೀರೆಗೆ ಎರಚಿ ಕಳಿಸಿದಳು. ಅಕ್ಕ ಆ ವಾಸನೆಯಲ್ಲೇ ಮೆಟ್ಟಿಲು ಹತ್ತಿ ಬಂದು, ನಾಳೆಯಿಂದ ನನ್ನ ಜೊತೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು.

ಪಟಮಟದ ಬೀದಿಯಲ್ಲಿ ಬೆಳೆದ ನನಗೆ ತೆಲುಗು ನೀರು ಕುಡಿದಷ್ಟು ಸಲೀಸು. ನಮ್ಮ ಕೆಲಸದ ಕ್ರಮ ಹೀಗಿತ್ತು. ನಾನು ಮುಂದೆ ಹೋಗಿ ಏನಾದರೂ ಕೊಂಡು ಬೋಣಿ ಮಾಡಿಸುವುದು. ಆಮೇಲೆ ಚೌಕಾಸಿ, ಊರು ಯಾವುದು, ಮಕ್ಕಳೆಷ್ಟು, ಸೊಸೆ ಸರಿಯಿದ್ದಾಳಾ, ಹೀಗೆ ಮಾತಿಗೆ ಮಾತು ಬೆಳೆಸುವುದು. ಮಾರುವಾಕೆ ನನ್ನ ಜೊತೆ ಮಾತಿಗಿಳಿದು ಕ್ಯಾಮೆರಾವನ್ನೇ ಮರೆತಾಗ ಅಕ್ಕನ ಬೆರಳು ಆಡುತ್ತಿತ್ತು. ಹೋಗುವ ಮುಂಚೆ ಆ ಹೆಂಗಸಿಗೂ ಕ್ಯಾಮೆರಾ ತೋರಿಸಿ ನಗುತ್ತಿದ್ದರು, ಕದ್ದು ತೆಗೆದದ್ದು ಎಂದಾಗಬಾರದು ಅವರಿಗೆ.

"ನೀ ಮಾತಾಡ್ಕೋತ ಇರು ತಂಗಿ. ನಿನ್ನ ಮಾತು ನಿಂತ್ರ ಆಕಿ ನನ್ನ ಕಡೆ ನೋಡ್ತಾಳ, ಮಾರಿ ಕಲ್ಲಾಗ್ತದ" ಅನ್ನುತ್ತಿದ್ದರು. ಮಾತಾಡುವುದಕ್ಕೂ ಒಬ್ಬರು ಕರೆದುಕೊಂಡು ಹೋಗುತ್ತಾರಲ್ಲ ಎಂದು ನನಗೆ ಖುಷಿ. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸುವುದೇ ಎಲ್ಲರ ಉದ್ಯೋಗವಾಗಿತ್ತು.

ಅಷ್ಟರಲ್ಲಿ ಊರ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಎಂಜಿನಿಯರ್, ಜಾತಕದ ಜೊತೆ ಫೋಟೋ ಬೇಕು. ಅಮ್ಮ ಆ ಕೆಲಸವನ್ನು ಅಕ್ಕನಿಗೇ ಒಪ್ಪಿಸಿದರು. ಒಳ್ಳೆಯ ಸೀರೆ ಇಲ್ಲ ಎಂಬ ನೆಪ ಹೂಡಿ ನಾವಿಬ್ಬರೂ ವಿಜಯವಾಡಕ್ಕೆ ಹೊರಟೆವು. ಪಟಮಟದಲ್ಲಿ ಅಮ್ಮನ ಸ್ನೇಹಿತೆಯ ಮನೆಯಲ್ಲಿ ಇಳಿದು, ಪಕ್ಕದ ನೇಕಾರರ ಊರು ಮಂಗಳಗಿರಿಗೆ ಹೋಗಿ ಒಂದು ಹಸಿರು ಸೀರೆ ತಂದದ್ದೂ ಆಯಿತು. ಮಾರನೆಯ ಬೆಳಗ್ಗೆ ಅದನ್ನೇ ಉಟ್ಟುಕೊಂಡು ಒನ್‌ಟೌನ್ ಮಾರ್ಕೆಟ್ಟಿಗೆ ಹೋದೆವು. ಸೀರೆ ಮಡಿಕೆ ಬಿಚ್ಚಿ ಮೆತ್ತಗಾಗಲಿ ಎಂದರು ಅಕ್ಕ. ಅಲ್ಲಿ ಒಬ್ಬಾಕೆ ಮೇಲೆ ಮಿರಿಮಿರಿ ಬದನೆಕಾಯಿ ಜೋಡಿಸಿ ಅಡಿಯಿಂದ ಹುಳುಕು ತೂಗುತ್ತಿದ್ದಳು. ನನಗೆ ರೇಗಿಹೋಯಿತು. ಅಕ್ಕನನ್ನೂ ಸೀರೆಯನ್ನೂ ಮರೆತು ಜಗಳಕ್ಕೆ ನಿಂತೆ. ಅವಳೇನು ಬಿಟ್ಟಾಳೆಯೇ? ಕೊನೆಗೆ ಇಬ್ಬರೂ ನಕ್ಕು ಸುಮ್ಮನಾದೆವು.

ವಿಶಾಖಪಟ್ಟಣಕ್ಕೆ ಬಂದಮೇಲೆ ತಾರಸಿಯಲ್ಲಿ ಜಾತಕದ ಜೊತೆ ಕಳಿಸುವ ಫೋಟೋ ತೆಗೆದದ್ದಾಯಿತು. ಫಿಲ್ಮ್ ತೊಳೆಸಿ ತಂದ ದಿನ ಅಕ್ಕ ಎರಡು ಫೋಟೋ ನನ್ನ ಮುಂದಿಟ್ಟರು. ಒಂದರಲ್ಲಿ ತಾರಸಿ, ತಲೆತುಂಬ ಹೂವು, ಉಗುಳು ನುಂಗುತ್ತಿರುವ ಹುಡುಗಿ. ಇನ್ನೊಂದರಲ್ಲಿ ಅದೇ ಸೀರೆಯಲ್ಲಿ, ಕೈಯಲ್ಲಿ ಬದನೆಕಾಯಿ ಎತ್ತಿ ಹಿಡಿದು, ಬಾಯಿ ತೆರೆದು, ಜಡೆ ಹೆಗಲಿನಿಂದ ಹಾರಿ... ಹಿಂದೆ ನಗು ತಡೆಯುತ್ತಿರುವ ಮಾರುವಾಕೆ.

"ತಾರಸಿ ಮ್ಯಾಲಿನಾಕಿ ಯಾರೋ ನನಗ ಗುರ್ತಿಲ್ಲ ನೋಡವ್ವ" ಎಂದರು ಅಕ್ಕ. "ಯಾವುದು ಕಳಸೂಣು, ನೀನ ಹೇಳು."

ಎರಡನೆಯದನ್ನು ತೋರಿಸಿದೆ. ನನ್ನನ್ನು ನೋಡಿ ಒಪ್ಪುವವನು ಇದನ್ನು ನೋಡಿಯೇ ಒಪ್ಪಲಿ ಎಂಬ ಹಟ ಬಂದಿತ್ತು. ಫೋಟೋವನ್ನು ಕವರಿಗೆ ಹಾಕಿ ನಾನೇ ಅಂಟಿಸಿದೆ, ಅಪ್ಪ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಪೋಸ್ಟ್ ಮಾಡಿದರು. ಒಳಗೇನಿದೆ ಎಂದು ಅಮ್ಮ ನೋಡಿದ್ದು ಅದು ವಾಪಸ್ಸು ಬಂದಾಗಲೇ. ಜಾತಕ ಕೂಡಲಿಲ್ಲ ಎಂದು ಹುಡುಗನ ಕಡೆಯವರು ಮರ್ಯಾದೆಯಿಂದ ಬರೆದಿದ್ದರು. ಮಧ್ಯಸ್ಥರಿಂದ ನಿಜ ತಿಳಿಯಿತು. ಹುಡುಗಿ ಯಾಕೆ ಬಾಯಿ ತೆರೆದಿದ್ದಾಳೆ, ಹಲ್ಲು ಎಣಿಸಿಕೊಳ್ಳಲಿ ಅಂತಲೋ ಎಂದು ಹುಡುಗನ ತಾಯಿ ಕೇಳಿದರಂತೆ.

ಅಮ್ಮ ದಡದಡ ಮೆಟ್ಟಿಲಿಳಿದು ಹೋದರು. ನಾನು ಹಿಂದೆಯೇ ಓಡಿ, ಆರಿಸಿದ್ದು ನಾನೇ ಎಂದು ಕೂಗಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಮದುವೆ ಆಗ್ಬೇಕಾದ ಹುಡುಗೀನ ಸಂತೇಲಿ ನಿಲ್ಲಿಸಿ ಪಟ ತೆಗೆದ್ರಲ್ಲ, ನಿಮ್ಮ ಮಗಳಾಗಿದ್ರೆ ಇದನ್ನ ಕಳಿಸ್ತಿದ್ರಾ?"

ಅಕ್ಕ ಅಮ್ಮನ ಕೈಯಲ್ಲಿದ್ದ ಫೋಟೋವನ್ನು ತೆಗೆದುಕೊಂಡು ನೋಡಿದರು. ಆಮೇಲೆ ಮೆಲ್ಲಗೆ, "ನನ್ನ ಮಗಳಾಗಿದ್ರೂ ಇದನ್ನ ಕಳಸ್ತಿದ್ದೆ ವೈನಿ" ಎಂದರು.

ಅಲ್ಲಿಗೆ ಮುಗಿಯಿತು. ನಾನು ಅವರ ಜೊತೆ ಹೊರಗೆ ಹೋಗಕೂಡದು ಎಂದಾಯಿತು. ಬೆಳಗ್ಗೆ ಅಕ್ಕ ಚೀಲ ಹಿಡಿದು ಗೇಟು ದಾಟುವಾಗ ಒಮ್ಮೆ ಮೇಲೆ ನೋಡುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದೆ. ಬೇಗ ಹಿಂತಿರುಗುತ್ತಿದ್ದರು, ಚೀಲದಲ್ಲಿ ತರಕಾರಿ ಮಾತ್ರ ಇರುತ್ತಿತ್ತೋ ಏನೋ. ಕೆಲವು ತಿಂಗಳಲ್ಲಿ ಅವರ ಗಂಡನಿಗೆ ಕೊಚ್ಚಿಗೆ ವರ್ಗವಾಯಿತು. ಹೊರಡುವ ದಿನ ಅಮ್ಮನೇ ಕರೆದು ಅರಿಶಿನ ಕುಂಕುಮ ಕೊಟ್ಟರು, ಇಬ್ಬರೂ ಅತ್ತರು. ಸ್ಟುಡಿಯೋದ ಪರದೆಯ ಮುಂದೆ ಉಗುಳು ನುಂಗುತ್ತಾ ತೆಗೆಸಿದ ಇನ್ನೊಂದು ಫೋಟೋದಿಂದ ನನ್ನ ಮದುವೆಯೂ ಆಯಿತು. ಗಂಡ ಒಳ್ಳೆಯವರೇ. ನಾನು ಬಾಯಿ ತೆರೆದಾಗ ಗಾಬರಿಯಾದರು, ಆಮೇಲೆ ರೂಢಿಯಾಯಿತು.

ಆ ಡಬ್ಬಿ ಸಿಕ್ಕಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅವರಿವರನ್ನು ಕಾಡಿಸಿ ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗಳ ಫೋನ್ ನಂಬರು ಹಿಡಿದೆ. ಅಕ್ಕ ತೀರಿಹೋಗಿ ಎರಡು ವರ್ಷವಾಯಿತಂತೆ. ಮಾರ್ಕೆಟ್ಟಿನ ಫೋಟೋಗಳನ್ನು ಕೇಳಿದರೆ, ನೆಗೆಟಿವ್‌ಗಳು ಕೊಚ್ಚಿಯ ತೇವಕ್ಕೆ ಒಂದಕ್ಕೊಂದು ಅಂಟಿ ಬೂಸ್ಟು ಹಿಡಿದು ಹೋದವಂತೆ. ಆಮೇಲೆ ತೆಗೆದವಾದರೂ ಇರಬೇಕಲ್ಲ ಎಂದು ಕೇಳಿದೆ.

"ಆಮ್ಯಾಲ ತಗೀಲೇ ಇಲ್ರೀ" ಎಂದಳು. "ಕೊಚ್ಚಿಯೊಳಗ ಒಂದೆರಡು ಸಲ ಕ್ಯಾಮೆರಾ ತಗೊಂಡು ಹೋಗಿ ಹಂಗ ಬಂದ್ಲು. ಮಾತಾಡಾಕಿ ಇಲ್ಲಲ್ಲ, ಹೆಂಗ ತಗೀಲಿ ಅಂತಿದ್ಲು."

ಫೋನ್ ಇಟ್ಟು ಆ ಡಬ್ಬಿಯ ಮುಚ್ಚಳ ಮತ್ತೆ ತೆಗೆದೆ. ಅಕ್ಕನ ಬೆನ್ನು ಹಿಡಿದು ಹೋಗುತ್ತಿದ್ದವಳು ನಾನು, ಅವರಿಲ್ಲದೆ ಕಂಗಾಲಾದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವರೂ ಯಾವುದೋ ಮಾರ್ಕೆಟ್ಟಿನ ನಡುವೆ ನಿಂತು ನನ್ನನ್ನು ಹುಡುಕಿದ್ದರು ಎಂಬುದು ತಲೆಗೇ ಹೊಳೆದಿರಲಿಲ್ಲ. ಒಂದು ಕಾಗದ ಹಾಕಿದ್ದರೆ ಕೊಚ್ಚಿಯ ರೈಲು ಹತ್ತುತ್ತಿದ್ದೆ. ಮಲಯಾಳಂ ನನಗೂ ಬರುತ್ತಿರಲಿಲ್ಲ, ನಿಜ. ಆದರೆ ಬದನೆಕಾಯಿಯ ಮುಂದೆ ನಿಂತು ಜಗಳವಾಡಲು ಅಷ್ಟೊಂದು ಭಾಷೆ ಬೇಕಾಗುವುದಿಲ್ಲ.