ಅಕ್ಕ ಬಯಸಿದ ಹಂದಿಕಾಲಿನ ಸಾರು

ನಾನು ಚಿಕ್ಕವಳಿದ್ದಾಗ, ಅಂದರೆ ಸುಮಾರು ಎಪ್ಪತ್ತು ವರ್ಷದ ಹಿಂದೆ, ಭೀಮನಬೀಡಿನ ನಮ್ಮ ಮನೆಯ ಒಲೆಯ ಮೇಲೆ, ತೊಲೆಗೆ ಕಟ್ಟಿದ ಹಂದಿಕಾಲೊಂದು ತೂಗಾಡುತ್ತಿತ್ತು. ಸಾಕಿದ ಹಂದಿಯನ್ನು ಕೊಯ್ದಾಗ ಅಪ್ಪ ಅದರ ಹಿಂಗಾಲಿಗೆ ಉಪ್ಪು, ಅರಿಸಿನ ತಿಕ್ಕಿ ಅಲ್ಲಿ ಕಟ್ಟಿಬಿಡುತ್ತಿದ್ದ. ಹುಣಸೆ ಸೌದೆಯ ಹೊಗೆ ಕುಡಿದು ಅದು ಇದ್ದಿಲಿನಷ್ಟು ಕಪ್ಪಾಗುತ್ತಿತ್ತು. ಹೊಟ್ಟೆ ತುಂಬಿಸಲು ಅಲ್ಲ, ಸಾರಿನ ರುಚಿಗೆ. ಅವ್ವ ಹೆಬ್ಬೆರಳಿನಷ್ಟು ಕೊಯ್ದು ಹುರುಳಿ ಬೇಯುವ ಮಡಕೆಗೆ ಹಾಕಿದರೆ ಬೀದಿಯ ತುದಿಗೂ ಗೊತ್ತಾಗುತ್ತಿತ್ತು.

ಒಂದು ಬೇಸಗೆಯಲ್ಲಿ ಅಕ್ಕ ಬಸುರಿಯಾಗಿ ತವರಿಗೆ ಬಂದಳು. ಏನು ಉಂಡರೂ ವಾಂತಿ. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಒಂದು ಬೆಳಿಗ್ಗೆ ಅವಳು ಒಲೆಯ ಮೇಲೆ ತೂಗುತ್ತಿದ್ದ ಕಾಲನ್ನು ನೋಡುತ್ತಾ, "ಅದ್ರ ಸಾರು ಉಣ್ಬೇಕು ಅನ್ನುಸ್ತದೆ ಕಣವ್ವ," ಎಂದಳು.

ಅಕ್ಕನನ್ನು ಕೊಟ್ಟ ಹರವೆ ಊರಿನ ಮನೆಯವರು ಕೋಳಿ, ಕುರಿ ತಿನ್ನುತ್ತಿದ್ದರು. ಹಂದಿ ಮಾತ್ರ ಅವರ ಮನೆದೇವರಿಗೆ ಆಗುತ್ತಿರಲಿಲ್ಲ.

"ನಿನ್ ಗಂಡುಂಗೆ ಗೊತ್ತಾದ್ರೆ ಮನೆಗೆ ಸೇರುಸ್ತಾನಾ?" ಎಂದಳು ಅವ್ವ. ಅಕ್ಕ ಅತ್ತಳು. ಸ್ವಲ್ಪ ಹೊತ್ತಿಗೆ ಅವ್ವ ಮಚ್ಚು ಕೈಗೆತ್ತಿಕೊಂಡಳು.

ಮಧ್ಯಾಹ್ನ ಅಕ್ಕ ಬಿಸಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಾ ಕೂತೆವು. ವಾಂತಿಯಾಗಲಿಲ್ಲ. ಅವಳು ಇನ್ನೊಂದು ಸಲ ಸಾರು ಬಿಡಿಸಿಕೊಳ್ಳುವಾಗ ನೋಡುತ್ತೇವೆ, ಬಾಗಿಲಲ್ಲಿ ಬಾವ! ಹೇಳದೆ ಕೇಳದೆ ಬಂದಿದ್ದರು. ಅವ್ವ ಗಕ್ಕನೆ ಮಡಕೆ ಮುಚ್ಚಿದಳು. ವಾಸನೆಯನ್ನು ಮುಚ್ಚುವುದು ಹೇಗೆ?

"ಏನ್ ಸಾರು?" ಬಾವ ಕೇಳಿದರು.

"ಹಂದಿಕಾಲುಂದು ಕಣಪ್ಪ. ಮಗಳು ಕೇಳುದ್ಲು, ಮಾಡ್ಬುಟ್ಟೊ," ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಬಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಅಕ್ಕನ ಕಡೆ ನೋಡಿದರು. "ಹೊಟ್ಟೇಲಿ ನಿಂತ್ಕತಾ?"

ಅಕ್ಕ ಹೌದೆಂದು ತಲೆಯಾಡಿಸಿದಳು.

ಅವರು ಜಗಲಿಯಲ್ಲೇ ಕೂತು ಮಜ್ಜಿಗೆಯಲ್ಲಿ ಮುದ್ದೆ ಉಂಡರು. ಹೊರಡುವಾಗ, "ಆ ಕಾಲು ಮುಗಿಯಗಂಟ ಇವ್ಳು ಇಲ್ಲೇ ಇರ್ಲಿ ಬುಡಿ ಅತ್ತೆ. ನಮ್ಮವ್ವುಂಗೆ ನಾನ್ ಹೇಳ್ಕತೀನಿ," ಎಂದರು. ಮಳೆ ಶುರುವಾಗುವ ಹೊತ್ತಿಗೆ ಅಕ್ಕನ ಕೆನ್ನೆ ತುಂಬಿತ್ತು.

ಮೊಮ್ಮಕ್ಕಳೇ, ನಿಮ್ಮಮ್ಮ ಬಸುರಿಯಾಗಿದ್ದಾಗ ಬಯಸಿದ್ದನ್ನು ಫೋನಿನಲ್ಲಿ ಹೇಳಿ ಬಾಗಿಲಿಗೇ ತರಿಸಿಕೊಳ್ಳುತ್ತಿದ್ದಳು. ನೀವಂತೂ ಒಂದು ತಟ್ಟೆ ದೂಡಿದರೆ ಇನ್ನೊಂದು ತಟ್ಟೆ ಬರುತ್ತದೆ. ಆಗ ಹಾಗಿರಲಿಲ್ಲ. ಹೆಣ್ಣುಮಗಳೊಬ್ಬಳು ಬಯಸಿದ ಸಾರು ಉಣ್ಣಬೇಕಾದರೆ ಬೇರೆ ಯಾರೋ ಹೂಂ ಅನ್ನಬೇಕಿತ್ತು. ನಮ್ಮ ಬಾವ ಹೂಂ ಅಂದರು.