ಕೆಂಪು ಹಾಳೆಯಲ್ಲಿ ಒಬ್ಬಳು ಹೆಚ್ಚಿಗೆ

ದೆವ್ವ, ಪವಾಡ ಇಂಥವನ್ನು ನಾನು ನಂಬಿದವಳಲ್ಲ. ಧೈರ್ಯವಂತೆ ಎಂದುಕೊಳ್ಳಬೇಡಿ. ಹೆದರಲು ನನಗೆ ಗ್ಯಾಸ್ ಸಿಲಿಂಡರು, ಜಾರುವ ಬಚ್ಚಲು, ಹೊತ್ತಾದರೂ ಬಾರದ ಫೋನು ಇಷ್ಟೇ ಸಾಕು, ದೆವ್ವಕ್ಕೆ ಪುರಸೊತ್ತಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಬೆಟಗೇರಿಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ.

ಮಗಳು ರೇಖಾಳ ಕುಬಸದ, ಅಂದರೆ ಸೀಮಂತದ, ಹಿಂದಿನ ದಿನ. ಅವಳ ಮೊದಲ ಕೂಸು ಹುಟ್ಟುವ ಮುಂಚೆಯೇ ಹೋಗಿತ್ತು. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತದಂತೆ ನಾನೇ ಕಾವಲು ಕಾಯುತ್ತಿದ್ದೆ. ಈ ಸಲ ಕುಬಸವೇ ಬೇಡ ಎಂದಿದ್ದಳು. ಹಸಿರು ಬಳೆ ತೊಡಲೂ ಅವಳಿಗೆ ಅಂಜಿಕೆ. ಮುಂಡರಗಿಯ ಬೀಗರು ಬಿಡದಿದ್ದಾಗ ಒಂದು ಷರತ್ತು ಹಾಕಿ ಒಪ್ಪಿದಳು: ಬಲೂನು, ಪ್ಲಾಸ್ಟಿಕ್ ಹೂವು ಬೇಡ, ಕಿಟಕಿಗೆ ಕೆಂಪು ಹಾಳೆಯ ಚಿತ್ರ ಕತ್ತರಿಸಿ ಅಂಟಿಸಬೇಕು. ಚೀನಾದವರು ಹಬ್ಬಕ್ಕೂ ಮದುವೆಗೂ ಹಾಗೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದಳು.

ಅವಳು ಕತ್ತರಿ ಹಿಡಿಯುತ್ತಲೇ ನಾನು ಕಸಿದುಕೊಂಡೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಕತ್ತರಿ ಮುಟ್ಟಬಾರದು ಎನ್ನುತ್ತಾರಲ್ಲ, ನನಗೆ ಅಷ್ಟು ಸಾಲದು. ಇದು ನಂಬಿಕೆಯಲ್ಲ, ಮುನ್ನೆಚ್ಚರಿಕೆ.

"ಅವ್ವಾ, ಇವತ್ತ ಗ್ರಹಣ ಎಲ್ಲೈತಿ?"

"ನಿಮ್ಮವ್ವಗ ವರ್ಷಪೂರ್ತಿ ಗ್ರಹಣನ ಬಿಡವಾ," ಎಂದರು ನಮ್ಮವರು, ಪೇಪರಿನ ಹಿಂದಿನಿಂದ.

"ನೀವು ಸುಮ್ಮ ಕುಂಡ್ರಿ," ಎಂದೆ.

ರೇಖಾ ಒಳಗೆ ಹೋಗಿ ಮಲಗಿದಳು. ನಾನು ಹಾಳೆಯನ್ನು ಬೀಸಣಿಗೆಯಂತೆ ಮಡಚಿ, ಅವಳು ತೋರಿಸಿದ್ದ ಹಾಗೆ ಲಂಗ ತೊಟ್ಟ ಹುಡುಗಿಯ ಅರ್ಧ ಆಕಾರ ಬರೆದು ಕತ್ತರಿಸಿದೆ. ಬಿಡಿಸಿದರೆ ಕೈ ಕೈ ಹಿಡಿದ ಹುಡುಗಿಯರ ಸಾಲು ಬರಬೇಕು. ಒಬ್ಬಳ ಹಾಗೇ ಎಲ್ಲರೂ. ಬಂದಿತ್ತು. ಆದರೆ ನಡುವಿನ ಇಬ್ಬರ ಮಧ್ಯೆ, ಹಿಡಿದ ಕೈಗಳ ಕೆಳಗೆ, ಒಂದು ಪುಟ್ಟ ಹುಡುಗಿ ನಿಂತಿತ್ತು. ಅದಕ್ಕೂ ಲಂಗವಿತ್ತು. ಎರಡೂ ಕಡೆಯವರ ಲಂಗದ ಅಂಚು ಹಿಡಿದುಕೊಂಡಿತ್ತು.

ಕತ್ತರಿ ಎಲ್ಲೋ ತಪ್ಪಿರಬೇಕೆಂದು ನೆಲದ ಮೇಲೆ ಬಿದ್ದ ಚೂರುಗಳನ್ನು ಆಯ್ದು ಒಂದೊಂದೇ ಸಂದಿಗೆ ಇಟ್ಟು ನೋಡಿದೆ. ಎಲ್ಲ ಸಂದಿಗೂ ಇಡೀ ಚೂರು ಸಿಕ್ಕಿತು. ಆ ಪುಟ್ಟದು ನಿಂತಿದ್ದ ಸಂದಿಗೂ! ಚೂರಿನಲ್ಲಿ ಒಂದು ತೂತಿಲ್ಲ, ಹರಿದದ್ದಿಲ್ಲ. ತಪ್ಪು ಕತ್ತರಿಸಿದರೆ ಹಾಳೆ ಕಡಿಮೆಯಾದೀತು, ಹೆಚ್ಚು ಹೇಗಾದೀತು?

ಇದನ್ನು ಕಂಡರೆ ಮಗಳ ಗತಿಯೇನು ಎಂದು ಚಾಪೆಯ ಕೆಳಗೆ ತೂರಿಸುವಷ್ಟರಲ್ಲಿ ಅವಳೇ ಬಂದು ನಿಂತಿದ್ದಳು. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಬೇಕಂತನ ಮಾಡೀ ಏನವ್ವಾ?"

"ಇಲ್ಲವಾ. ನನ್ನ ಕೈಲೆ ಇಷ್ಟ ಸಣ್ಣದು ಆಗತೈತೇನು?"

ಅವಳು ಮೆಲ್ಲಗೆ ನನ್ನ ಪಕ್ಕ ಕೂತಳು. "ಹೆಣ್ಣಿತ್ತವ್ವಾ ಅದು. ದವಾಖಾನ್ಯಾಗ ನರ್ಸ್‌ಬಾಯಿ ಹೇಳಿದ್ಲು. ನೀ ಮಾತ ಎತ್ತಗೊಡಲಿಲ್ಲ, ನಾ ಹೇಳಲಿಲ್ಲ."

ಆಮೇಲೆ ಇಬ್ಬರೂ ಅತ್ತೆವು. ನಮ್ಮವರು ಪೇಪರು ಕೆಳಗಿಟ್ಟರು. ಆ ಸಾಲನ್ನು ರೇಖಾ ತಾನೇ ಕಿಟಕಿಗೆ ಅಂಟಿಸಿದಳು. ಮರುದಿನ ಅದರ ಮುಂದೆಯೇ ಕೂತು ಎರಡೂ ಕೈತುಂಬ ಹಸಿರು ಬಳೆ ತೊಟ್ಟಳು.

ಆಗ ಹೊಟ್ಟೆಯಲ್ಲಿದ್ದ ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಅವನಿಗಾಗಿ ಎಷ್ಟೋ ಸಲ ಹಾಗೇ ಮಡಚಿ ಕತ್ತರಿಸಿದ್ದೇನೆ. ಎಲ್ಲರೂ ಒಂದೇ ಅಳತೆಯವರು, ನಡುವೆ ಯಾರೂ ಬರುವುದಿಲ್ಲ. ನಾನೇ ಬೇಕೆಂದು ಮಾಡಿದ್ದು ಎಂದು ರೇಖಾ ಇಂದಿಗೂ ನಂಬಿದ್ದಾಳೆ. ಅಲ್ಲವೆಂದರೆ ನಗುತ್ತಾಳೆ. ಆ ಪುಟ್ಟದು ನಿಂತಿದ್ದ ಸಂದಿಯ ಚೂರನ್ನು ಎಸೆಯಲಾಗದೆ ಕುಂಕುಮದ ಭರಣಿಯಲ್ಲಿ ಮಡಚಿಟ್ಟಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಅರ್ಥವಾಗುವುದಿಲ್ಲ. ಸಿಲಿಂಡರಿಗೆ ಹೆದರುವ ನನಗೆ ಅದನ್ನು ಕಂಡರೆ ಹೆದರಿಕೆಯೇ ಆಗುವುದಿಲ್ಲವಲ್ಲ, ಅದೂ ಅರ್ಥವಾಗುವುದಿಲ್ಲ.